ತುಟಿ ಗುಳ್ಳೆ ಮುಟ್ಟಿದ ಕೈಯಲ್ಲೇ ಕಣ್ಣು ಉಜ್ಜಿದೆ, ಹರಡುತ್ತಾ?

ಪ್ರಶ್ನೆ: ನಮಸ್ತೆ ಮೇಡಂ, ವಿಜಯನಗರದಿಂದ ಬರೆಯುತ್ತಿದ್ದೇನೆ. ಜ್ವರ ಬಿಟ್ಟ ಮೇಲೆ ತುಟಿ ಅಂಚಲ್ಲಿ ನೀರುಗುಳ್ಳೆ ಎದ್ದಿದೆ, ಕಾಲೇಜು ದಿನಗಳಿಂದಲೂ ಆಗಾಗ ಬರುತ್ತದೆ. ಇವತ್ತು ಅದನ್ನ ಕೆರೆದು ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡೆ, ಟಾಯ್ಲೆಟ್‌ಗೂ ಹೋಗಿಬಂದೆ. ಗೂಗಲ್ ನೋಡಿ ತಲೆ ಕೆಟ್ಟಿದೆ. ಕಣ್ಣು, ಬೆರಳು, ಕೆಳಗಡೆ ಎಲ್ಲಾ ಹರಡುತ್ತಾ? ಲೆನ್ಸ್ ಬೇರೆ ಹಾಕುತ್ತೇನೆ. ಭಾನುವಾರ ಅಕ್ಕನ ಮಗುವಿನ ನಾಮಕರಣ ಇದೆ.

ಚರ್ಮದ ಡಾಕ್ಟರ್: ಮೊದಲು ಗೂಗಲ್ ಮುಚ್ಚಿ. ನಿಮಗಿದು ಹಳೇ ಪರಿಚಯ ಅನ್ನೋದೇ ಇಲ್ಲಿ ಮುಖ್ಯ. ಇದು ಎಚ್‌ಎಸ್‌ವಿ-1, ಅಂದರೆ ಹರ್ಪಿಸ್ ಸಿಂಪ್ಲೆಕ್ಸ್ ಅನ್ನೋ ವೈರಸ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿದೆ, ನೀವೊಬ್ಬರೇ ಅಲ್ಲ. ಮೊದಲ ಸಲ ತಗುಲಿದ ಮೇಲೆ ಕೆಲವು ವಾರಗಳಲ್ಲಿ ಮೈ ಅದಕ್ಕೆ ಪ್ರತಿಕಾಯ (ವೈರಸ್ ಜೊತೆ ಹೋರಾಡುವ ಆಂಟಿಬಾಡಿ) ತಯಾರು ಮಾಡಿಕೊಳ್ಳುತ್ತದೆ. ಆಮೇಲೆ ನಿಮ್ಮ ತುಟಿಯಿಂದ ನಿಮ್ಮದೇ ಬೆರಳಿಗೋ ಜನನಾಂಗಕ್ಕೋ ಹರಡೋದು ಅಪರೂಪ. ಹೊಸದಾಗಿ ತಗುಲಿದವರ ಕಥೆ ಬೇರೆ: ಬಾಯಿ ಹುಣ್ಣಾದ ಮಗು ಬೆರಳು ಚೀಪುತ್ತಿದ್ದರೆ ಬೆರಳಲ್ಲೂ ಗುಳ್ಳೆ ಏಳಬಹುದು. ಎಕ್ಸಿಮಾ (ಚರ್ಮ ಒಣಗಿ ಕೆಂಪಾಗಿ ತುರಿಸುವ ಕಾಯಿಲೆ) ಇರುವವರಿಗೆ ಮೈಮೇಲೆಲ್ಲ ಹರಡುವ ಅಪಾಯವಿದೆ, ಅವರು ತಡ ಮಾಡದೆ ಡಾಕ್ಟರಿಗೆ ತೋರಿಸಬೇಕು.

ಒಂದು ಸಲ ಉಜ್ಜಿದ ಮಾತ್ರಕ್ಕೆ ಕಣ್ಣಿಗೆ ಬಂದೇಬಿಡುತ್ತೆ ಅಂತೇನಿಲ್ಲ. ಆದರೂ ಕಣ್ಣಿನ ವಿಷಯದಲ್ಲಿ ನಾನು ಸಲೀಸು ಮಾತು ಹೇಳಲ್ಲ. ಕೆಂಪಾಗಿ ನೋವು ಬಂದರೆ, ಬೆಳಕು ಚುಚ್ಚಿದರೆ, ದೃಷ್ಟಿ ಮಂಜಾದರೆ ಅವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ, ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಾದರೂ ಸರಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟೀರಾಯ್ಡ್ ಡ್ರಾಪ್ಸ್ ಮಾತ್ರ ಹಾಕಿಕೊಳ್ಳಬೇಡಿ, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಹಾಳಾಗಬಹುದು. ಗುಳ್ಳೆ ವಾಸಿಯಾಗುವವರೆಗೆ ಕನ್ನಡಕ ಹಾಕಿ. ಲೆನ್ಸನ್ನ ಎಂಜಲಲ್ಲಿ ಒದ್ದೆ ಮಾಡುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. (ನಗಬೇಡಿ, ಇದ್ದಾರೆ ಅಂಥವರು.)

ಪ್ರಶ್ನೆ ಕೇಳಿದವರು: ಅಬ್ಬಾ, ಸ್ವಲ್ಪ ಸಮಾಧಾನ ಆಯ್ತು. ಅಮ್ಮ ಸುಣ್ಣ ಹಚ್ಚು ಅಂತಿದ್ದಾರೆ. ಪಕ್ಕದ್ಮನೆ ಆಂಟಿ ಇದು ಸರ್ಪಸುತ್ತು, ಕೆಮ್ಮಣ್ಣು ಹಚ್ಚಿಸು ಅಂತಾರೆ.

ಡಾಕ್ಟರ್: ಸುಣ್ಣ ಚರ್ಮ ಸುಡುತ್ತದೆ, ಬೇಡ. ಸರ್ಪಸುತ್ತು ಬೇರೆ, ಅದು ಚಿಕನ್‌ಪಾಕ್ಸ್ ವೈರಸ್ಸಿನಿಂದ ಬರೋದು, ಸುಮ್ನೆ ಮಣ್ಣು ಮೆತ್ತಿಕೊಳ್ಳಬೇಡಿ. ತುಟಿ ಚುಮುಚುಮು ಅಂದ ಕೂಡಲೇ 5% ಅಸೈಕ್ಲೋವಿರ್ ಕ್ರೀಮ್ ದಿನಕ್ಕೆ 5 ಸಲ ಹಚ್ಚಿದರೆ ಸ್ವಲ್ಪ ಬೇಗ ವಾಸಿಯಾಗುತ್ತದೆ. ಹಚ್ಚುವ ಮೊದಲೂ ಆಮೇಲೂ ಸೋಪು ಹಾಕಿ ಕೈ ತೊಳೆಯಿರಿ. ಪದೇಪದೇ ಬರುತ್ತಿದ್ದರೆ ಮಾತ್ರೆಯೇ ವಾಸಿ, ಆದರೆ ಅದನ್ನ ನೋಡಿಯೇ ಬರೆದುಕೊಡಬೇಕು.

ಇನ್ನೊಬ್ಬರು: ಮೇಡಂ, ನನಗೂ ಬರುತ್ತೆ. ಹೆಂಡತಿಗೆ ಅಂಟುತ್ತಾ? ಬಾತ್‌ರೂಮ್ ಒಂದೇ ಇರೋದು.

ಡಾಕ್ಟರ್: ನಿಜವಾದ ಚಿಂತೆ ಮಾಡಬೇಕಾದ್ದು ಇದಕ್ಕೇ, ಎಲ್ಲರೂ ತಮ್ಮ ಮೈ ಬಗ್ಗೆಯೇ ಕೇಳುತ್ತಾರೆ! ಬಕೆಟ್, ಟಾಯ್ಲೆಟ್ ಸೀಟಿನಿಂದ ಬರಲ್ಲ. ಗುಳ್ಳೆ ಪೂರ್ತಿ ಮಾಯುವವರೆಗೆ ಮುತ್ತು ಬೇಡ, ಮುಖಮೈಥುನವಂತೂ ಬೇಡವೇ ಬೇಡ, ಯಾಕಂದ್ರೆ ಅವರಿಗೆ ಈ ವೈರಸ್ ಇನ್ನೂ ತಗುಲಿಲ್ಲದಿದ್ದರೆ ಜನನಾಂಗಕ್ಕೇ ಬರಬಹುದು. ಲೋಟ, ಟವೆಲ್, ಲಿಪ್ ಬಾಮ್ ಬೇರೆ ಇಟ್ಟುಕೊಳ್ಳಿ.

ವಿಜಯನಗರದವರೇ, ನಾಮಕರಣದ ವಿಷಯ ಮರೆಯಲಿಲ್ಲ. ಎಳೆ ಕೂಸಿಗೆ ಈ ವೈರಸ್ ಪ್ರಾಣಕ್ಕೇ ಕುತ್ತು ತರಬಹುದು. ಹೋಗಿ, ಹೋಳಿಗೆ ಊಟ ಮಾಡಿ, ಮಗುವನ್ನ ದೂರದಿಂದಲೇ ನೋಡಿ.

ಪ್ರಶ್ನೆ ಕೇಳಿದವರು: ಮಾಸ್ಕ್ ಹಾಕಿಕೊಂಡು ಎತ್ತಿಕೊಳ್ಳಬಹುದಾ? ಸೋದರಮಾವ ನಾನು.

ಡಾಕ್ಟರ್: ಬೇಡ ಮಾವನೋರೇ. ಹಕ್ಕಳೆ ಉದುರಿ ಚರ್ಮ ಮಾಯ್ದ ಮೇಲೆ ಅಕ್ಕನ ಮನೆಗೆ ಇನ್ನೊಂದು ಸಲ ಹೋಗಿ.