ಅಪ್‌ಡೇಟ್: 2,000 ರೂಪಾಯಿಯೊಳಗೆ ಮಳೆಗಾಲದ ಕುರ್ತಾಗಳು

ಕಚೇರಿಗೂ ಹಬ್ಬಕ್ಕೂ ಒಪ್ಪುವ ಎರಡು ಕುರ್ತಾಗಳು 2,000 ರೂಪಾಯಿಯೊಳಗೆ ಮೈಸೂರಿನಲ್ಲಿ ಎಲ್ಲಿ ಸಿಗುತ್ತವೆಂದು ಹತ್ತು ದಿನಗಳ ಹಿಂದೆ ಕೇಳಿದ್ದೆ. ಆಷಾಢದ ರಿಯಾಯಿತಿ ಇರುವಾಗಲೇ ದೇವರಾಜ ಅರಸು ರಸ್ತೆಗೆ ಹೋಗಿ, ಸಿದ್ಧ ಉಡುಪಿನ ಬದಲು ಮೀಟರ್ ಲೆಕ್ಕದಲ್ಲಿ ಬಟ್ಟೆ ಕೊಂಡು ಹೊಲಿಸಿರೆಂದು ಅಕ್ಕ ಒಬ್ಬರು ಕೊಟ್ಟ ಸಲಹೆಯೇ ಫಲಿಸಿತು: ಐದು ಮೀಟರ್ ಹತ್ತಿ ಬಟ್ಟೆಗೆ 900 ರೂಪಾಯಿ, ಹೊಲಿಗೆಗೆ 800. ಈಗ ಎಲ್ಲರೂ ಮೆಚ್ಚುವ ಸಡಿಲವಾದ ನೇರ ಕುರ್ತಾ ನನ್ನ ಅಳತೆಗೇ ಸಿಕ್ಕಿದ್ದು ನಿಜಕ್ಕೂ ಸಂತೋಷ ತಂದಿದೆ.

ಆನ್‌ಲೈನ್‌ನಲ್ಲಿ ರೇಯಾನ್ ತರಿಸುವ ಸಲಹೆ ಮಾತ್ರ ಸರಿಹೋಗಲಿಲ್ಲ. ತಂಗಿ ತರಿಸಿದ್ದು ಒಂದೇ ಮಳೆಗೆ ನೆನೆದು ಭಾರವಾಗಿ ಜೋತುಬಿತ್ತು.

ನನಗೆ ತಿಳಿಯದಿದ್ದ ಸಂಗತಿಯೊಂದನ್ನು ಟೈಲರ್ ಹೇಳಿದರು: ಹತ್ತಿ ಬಟ್ಟೆಯನ್ನು ಕತ್ತರಿಸುವ ಮೊದಲೇ ನೀರಿನಲ್ಲಿ ನೆನೆಸಿ ಒಣಗಿಸಬೇಕು, ಇಲ್ಲವಾದರೆ ಹೊಲಿದ ಮೇಲೆ ಮೊದಲ ಒಗೆತಕ್ಕೇ ಕುಗ್ಗಿ ಬಿಗಿಯಾಗುತ್ತದೆ.