ಕಡ್ಡಿ ಮುರಿದಂತೆ ಮಾತಾಡಿದರೆ ಅದು ನಿಜವಾಗಿಬಿಡುತ್ತಾ ಚಿಕ್ಕಪ್ಪ?

ಚಿಕ್ಕಪ್ಪ, ಇದು ಸ್ವಲ್ಪ ಉದ್ದ ಆಗುತ್ತೆ. ಕಾಫಿ ಕುಡಿಯುತ್ತಾ ಕೇಳಿ. ಮಧ್ಯದಲ್ಲಿ ನಿಲ್ಲಿಸಿ ಉತ್ತರ ಕೊಡಬೇಡಿ.

ಟ್ರಂಪ್ ಬಗ್ಗೆ ಬೆಳಿಗ್ಗೆ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ನೀವು ಹಾಕಿದ ವಾಯ್ಸ್ ಮೆಸೇಜ್ ಕೇಳಿದೆ. "ಏನಾದರೂ ಅನ್ನಿ, ಹೊಟ್ಟೆಯಲ್ಲೊಂದು ಬಾಯಲ್ಲೊಂದು ಇಲ್ಲ. ಕಡ್ಡಿ ಮುರಿದಂತೆ ಹೇಳುತ್ತಾರೆ. ಪ್ರಾಮಾಣಿಕ ಮನುಷ್ಯ" ಅಂದಿರಿ. ನನ್ನ ತಕರಾರು ಇಲ್ಲೇ ಇರೋದು. ಮನಸ್ಸಿಗೆ ಬಂದದ್ದನ್ನು ಹೇಳುವುದು ಒಂದು. ಹೇಳುವ ಮುಂಚೆ ಅದು ಹೌದೋ ಅಲ್ಲವೋ ಅಂತ ನೋಡಿಕೊಳ್ಳುವುದು ಇನ್ನೊಂದು. ಮೊದಲ ಸಲ ಅಧ್ಯಕ್ಷರಾಗಿದ್ದ ನಾಲ್ಕು ವರ್ಷಗಳಲ್ಲಿ ಅವರು ಆಡಿದ ಸುಳ್ಳು, ಅರ್ಧ ಸುಳ್ಳುಗಳನ್ನು ವಾಷಿಂಗ್ಟನ್ ಪೋಸ್ಟ್‌ನವರು ಕೂತು ಎಣಿಸಿದರು. 30,573 ಆಯಿತು. ಆ ಪತ್ರಿಕೆಗೆ ಅವರನ್ನು ಕಂಡರೆ ಆಗಲ್ಲ ಅಂತೀರಿ. ಸರಿ, ಅರ್ಧ ಕಳೆಯಿರಿ. ಆದರೂ ದಿನಕ್ಕೆ ಹತ್ತು ಬೀಳುತ್ತೆ.

ಇಷ್ಟಾದ ಮೇಲೂ ನೇರ ಮನುಷ್ಯ ಅಂತ ಕೋಟಿಗಟ್ಟಲೆ ಜನಕ್ಕೆ ಅನ್ನಿಸುತ್ತಲ್ಲ, ಹೇಗೆ? ರಾಬರ್ಟ್ ಟ್ರಿವರ್ಸ್ ಅಂತ ಅಮೆರಿಕದ ಜೀವವಿಜ್ಞಾನಿ 1976ರಲ್ಲೇ ಇದಕ್ಕೊಂದು ಕಾರಣ ಬರೆದಿದ್ದರು. ಗೊತ್ತಿದ್ದೂ ಸುಳ್ಳು ಹೇಳುವವನು ಎಲ್ಲೋ ತಡವರಿಸುತ್ತಾನೆ, ಸಿಕ್ಕಿಬೀಳುತ್ತಾನೆ. ಮೊದಲು ತನ್ನನ್ನೇ ನಂಬಿಸಿಕೊಂಡುಬಿಟ್ಟರೆ ಆ ತೊಂದರೆಯೇ ಇಲ್ಲ. ಟ್ರಂಪ್ ಒಳಗೆ ಏನಿದೆಯೋ ನಾನು ಇಣುಕಿ ನೋಡಿಲ್ಲ. ಆದರೆ ಮಾತಿನಲ್ಲಿ ಅಳುಕಿಲ್ಲ ಅನ್ನುವುದು ಪುರಾವೆ ಅಲ್ಲ, ಅಲ್ವಾ?

2024ರ ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟ್ ಬೋರ್‌ವೆಲ್ ಬತ್ತಿದ್ದು ನಿಮಗೆ ಗೊತ್ತಲ್ಲ. ನಮ್ಮ ಸಂಘಕ್ಕೆ ಆಗಿದ್ದ ಅಧ್ಯಕ್ಷರು ಪ್ರತಿ ಮೀಟಿಂಗಿನಲ್ಲೂ "ಮುಂದಿನ ತಿಂಗಳು ಕಾವೇರಿ ಬರುತ್ತೆ, ಬರೆದಿಟ್ಟುಕೊಳ್ಳಿ" ಅನ್ನುತ್ತಿದ್ದರು. ಬೆಂಗಳೂರಿಗೆ ಸೇರಿದ ನಮ್ಮಂಥ 110 ಹಳ್ಳಿಗಳಿಗೆ ನೀರು ಕೊಡುವ ಕಾವೇರಿ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದೇ ಆ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೂ ಟ್ಯಾಂಕರೇ ಗತಿ. ಅವರು ಮೋಸ ಮಾಡಿದರು ಅಂತ ನಾನು ಇವತ್ತಿಗೂ ಹೇಳಲ್ಲ. ಪಾಪ, ಸಂಪಿನ ಮುಚ್ಚಳ ತೆಗೆದು ತಾವೇ ದಿನಾ ಬಗ್ಗಿ ನೋಡುತ್ತಿದ್ದರು. ಅಷ್ಟು ನಂಬಿಕೆ! ಅದಕ್ಕೇ ನಾವೂ ನಂಬಿದ್ದು. "ಜಲಮಂಡಳಿಯಿಂದ ಲೆಟರ್ ಬಂದಿದೆಯಾ ಸಾರ್?" ಅಂತ ಕೇಳಿದ ಖಜಾಂಚಿಯನ್ನು ಎಲ್ಲರೂ ಸೇರಿ ಕೊಂಕು ಮನುಷ್ಯ ಅಂತ ಮಾಡಿಬಿಟ್ಟರು.

ಇನ್ನು ಸುಳ್ಳು ಅಂತ ಗೊತ್ತಿದ್ದೇ ಚಪ್ಪಾಳೆ ಹೊಡೆಯುವವರೂ ಇದ್ದಾರೆ. 2018ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರು ಈ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಮೇಲೆ ಕೂತವರು ನಮ್ಮವರಲ್ಲ ಅಂತ ಜನಕ್ಕೆ ಅನ್ನಿಸಿಬಿಟ್ಟರೆ, ಅವರ ಮುಖಕ್ಕೆ ಹೊಡೆದಂತೆ ರಾಜಾರೋಷವಾಗಿ ಸುಳ್ಳು ಹೇಳುವವನೇ ಅಸಲಿ ಮನುಷ್ಯ ಅಂತ ಕಾಣುತ್ತಾನಂತೆ. ಆ ಸಿಟ್ಟಿಗೆ ಕಾರಣ ಇಲ್ಲ ಅಂತ ನಾನು ಹೇಳುತ್ತಿಲ್ಲ.

ಓದಿದವರಿಗೆ ಇದೆಲ್ಲ ಆಗಲ್ಲ ಅಂದುಕೊಳ್ಳಬೇಡಿ. ನೀವು ಬ್ಯಾಂಕಿನಲ್ಲಿದ್ದವರು, ಕ್ಯಾಷ್ ಟ್ಯಾಲಿ ಆಗದೆ ಸೀಟು ಬಿಟ್ಟು ಎದ್ದವರಲ್ಲ. ಈ ಲೆಕ್ಕ ಮಾಡಿ. ಚರ್ಮದ ಮೇಲಿನ ದದ್ದಿಗೆ ಒಂದು ಕ್ರೀಮ್. ಹಚ್ಚಿದವರಲ್ಲಿ 223 ಜನಕ್ಕೆ ಕಡಿಮೆಯಾಯಿತು, 75 ಜನಕ್ಕೆ ಜಾಸ್ತಿಯಾಯಿತು. ಹಚ್ಚದವರಲ್ಲಿ 107 ಜನಕ್ಕೆ ಕಡಿಮೆ, 21 ಜನಕ್ಕೆ ಜಾಸ್ತಿ. ಕ್ರೀಮ್ ಒಳ್ಳೆಯದಾ? 223 ನೋಡಿದ ತಕ್ಷಣ ಹೌದು ಅಂತೀವಿ. ಆದರೆ ಹಚ್ಚಿದವರಲ್ಲಿ ನಾಲ್ಕಕ್ಕೆ ಒಬ್ಬರಿಗೆ ಕೆಟ್ಟಿದೆ, ಹಚ್ಚದವರಲ್ಲಿ ಆರಕ್ಕೆ ಒಬ್ಬರಿಗೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಡ್ಯಾನ್ ಕಹಾನ್ ಮತ್ತು ಜೊತೆಯವರು 2013ರಲ್ಲಿ ಸಾವಿರಕ್ಕೂ ಹೆಚ್ಚು ಅಮೆರಿಕನ್ನರನ್ನು ಸೇರಿಸಿ, ಅವರಲ್ಲಿ ಕೆಲವರ ಮುಂದೆ ಇದನ್ನಿಟ್ಟರು. ಲೆಕ್ಕ ಚೆನ್ನಾಗಿ ಬರುವವರು ಹೆಚ್ಚಾಗಿ ಸರಿ ಉತ್ತರ ಹೇಳಿದರು. ಉಳಿದವರ ಮುಂದೆ ಅವೇ ಅಂಕಿ ಇಟ್ಟು, ಕ್ರೀಮ್ ತೆಗೆದು, ಪಿಸ್ತೂಲು ಬಚ್ಚಿಟ್ಟುಕೊಂಡು ಓಡಾಡುವುದನ್ನು ನಿಷೇಧಿಸಿದ ಊರುಗಳಲ್ಲಿ ಅಪರಾಧ ಕಡಿಮೆಯಾಯಿತಾ ಅಂತ ಬದಲಾಯಿಸಿದರು. ಅಲ್ಲಿ ಕೆಟ್ಟಿತು ನೋಡಿ ಲೆಕ್ಕ! ತಮ್ಮ ಪಕ್ಷಕ್ಕೆ ಹಿಡಿಸುವ ಉತ್ತರವಾದರೆ ಸರಿ ಮಾಡಿದರು, ಹಿಡಿಸದಿದ್ದರೆ ತಪ್ಪು ಮಾಡಿದರು. ಎರಡೂ ಕಡೆಯವರು. ಅದರಲ್ಲೂ ಲೆಕ್ಕದಲ್ಲಿ ಜಾಣರಾದವರ ನಡುವೆಯೇ ಅಂತರ ಜಾಸ್ತಿ. ಬುದ್ಧಿ ಇದ್ದಷ್ಟೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಸಾಧಿಸಲು ಅನುಕೂಲ, ಇನ್ನೇನು.

ಹಾಗಾಗಿ ಡಲ್ಲಾಸಿನಿಂದ ಸುರೇಶ ಹಾಕುವ ಟ್ರಂಪ್ ಪರ ವಿಡಿಯೊಗಳನ್ನು ನಾನು ಹೇಗೆ ನಂಬಲ್ಲವೋ, ಗೀತಕ್ಕ ಅವರ ವಿರುದ್ಧ ಹಾಕುತ್ತಿದ್ದದ್ದನ್ನೂ ಹಾಗೇ ಪೂರ್ತಿ ನಂಬುತ್ತಿರಲಿಲ್ಲ. ಆದರೆ ಅವಳು ಗ್ರೂಪ್ ಬಿಟ್ಟು ಹೋದದ್ದು ನನಗೆ ಬೇಜಾರಾಗಿದೆ. "ನಿನಗೇನು ಗೊತ್ತು, ಸುಮ್ನಿರು" ಅಂತ ನೀವು ಅವಳಿಗೆ ಅಷ್ಟು ಜನರ ಮುಂದೆ ಅನ್ನಬಾರದಿತ್ತು ಚಿಕ್ಕಪ್ಪ. ನಾನು ಕರೆದರೆ ಬರಲ್ಲ. ನೀವು ದೊಡ್ಡವರು, ನೀವೇ ಒಂದು ಫೋನ್ ಮಾಡಿ. ಚಿಕ್ಕಮ್ಮನ ಕೈಲಿ ಮಾಡಿಸಬೇಡಿ.