ಡ್ರಿಲ್ ಒಳಗೆ ಜಾಸ್ತಿ ಕಿಡಿ, ಸುಟ್ಟ ವಾಸನೆ: ಬ್ರಶ್ ಹೋಗಿದೆಯಾ, ಮೋಟರೇ ಹೋಯ್ತಾ?

ಯಲಹಂಕ_ಮಹಡಿ:
ನಮ್ಮದು ವೈರ್ ಇರುವ 13 ಎಂಎಂ ಇಂಪ್ಯಾಕ್ಟ್ ಡ್ರಿಲ್, 600 ವ್ಯಾಟ್. ಬಸವನಗುಡಿಯ ಹಳೇ ಮನೆಯ ಇಟ್ಟಿಗೆ ಗೋಡೆಯಲ್ಲಿ ಸಲೀಸಾಗಿ ಇಳಿಯುತ್ತಿತ್ತು. ಈಗ ಯಲಹಂಕದ ಹೊಸ ಅಪಾರ್ಟ್‌ಮೆಂಟಿಗೆ ಬಂದಿದ್ದೇವೆ, ಇಲ್ಲಿ ಗೋಡೆಯೆಲ್ಲ ಕಾಂಕ್ರೀಟು. ಕರ್ಟನ್ ರಾಡ್ ಹಾಕೋಣ ಅಂತ ಶುರು ಮಾಡಿದರೆ ಒಂದು ತೂತು ಮುಗಿಯುವಷ್ಟರಲ್ಲೇ ಹಿಂದಿನ ಗಾಳಿಕಿಂಡಿಯಲ್ಲಿ ದೊಡ್ಡ ಕಿಡಿ, ಸುಟ್ಟ ವಾಸನೆ. ಟ್ರಿಗರ್ ಒತ್ತಿದರೆ ಒಮ್ಮೊಮ್ಮೆ ತಿರುಗುತ್ತೆ, ಒಮ್ಮೊಮ್ಮೆ ಸುಮ್ನೆ ಕೂತಿರುತ್ತೆ, ಮೈಗೆ ಒಂದೇಟು ಕೊಟ್ಟರೆ ಮತ್ತೆ ಶುರು. ಅಂಗಡಿಯವರು ಮೋಟರ್ ಸುಟ್ಟಿದೆ, ಹೊಸದೇ ತಗೊಳ್ಳಿ ಅಂತಾರೆ. ಇನ್ನೊಂದು, ಪ್ಲಗ್‌ಗೆ ಎರಡೇ ಪಿನ್, ಅರ್ತ್ ಇಲ್ಲ. ಶಾಕ್ ಹೊಡೆಯಲ್ವಾ?

ಹಳೇ_ಟೂಲ್‌ಬಾಕ್ಸ್:
ಏಟು ಕೊಟ್ಟರೆ ತಿರುಗುತ್ತೆ ಅಂದ್ರಲ್ಲ, ಅದೇ ಸುಳಿವು. ಪೂರ್ತಿ ಸುಟ್ಟ ಮೋಟರ್ ಏಟಿಗೆಲ್ಲ ಬಗ್ಗಲ್ಲ. ಕಾರ್ಬನ್ ಬ್ರಶ್, ಅಂದ್ರೆ ಮೋಟರಿನ ತಿರುಗೋ ಭಾಗಕ್ಕೆ ಒತ್ತಿಕೊಂಡು ಕರೆಂಟ್ ಕೊಡೋ ಕಾರ್ಬನ್ ತುಂಡು, ಸವೆದಿರಬೇಕು, ಇಲ್ಲವೇ ದೂಳು ತುಂಬಿ ಹೋಲ್ಡರ್‌ನಲ್ಲಿ ಸಿಕ್ಕಿಕೊಂಡಿರಬೇಕು.

ಮೊದಲು ಪ್ಲಗ್ ಕೀಳಿ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಣ್ಣೆದುರಿಗೇ ಬಿದ್ದಿರಬೇಕು. ಹಿಂಭಾಗದ ಎರಡೂ ಪಕ್ಕದಲ್ಲಿ ಸ್ಕ್ರೂಡ್ರೈವರ್ ಕೂರುವ ದುಂಡು ಮುಚ್ಚಳ ಇದ್ದರೆ ಬಿಚ್ಚಿ, ಬ್ರಶ್ ಸ್ಪ್ರಿಂಗ್ ಸಮೇತ ಹೊರಗೆ ಬರುತ್ತೆ. ಮುಚ್ಚಳ ಇಲ್ಲದ ಮಾಡೆಲ್ ಆದರೆ ಬಾಡಿ ಬಿಚ್ಚಬೇಕು, ವಾರಂಟಿ ಇದ್ದರೆ ಕೈ ಹಾಕಬೇಡಿ. ಬ್ರಶ್ 5-6 ಎಂಎಂಗಿಂತ ಚಿಕ್ಕದಾಗಿದ್ದರೆ, ಅಥವಾ ಅದರ ಮೇಲಿನ ಗೆರೆ ತನಕ ಸವೆದಿದ್ದರೆ ಅದರ ಕಥೆ ಮುಗೀತು. ಎರಡೂ ಒಟ್ಟಿಗೆ ಬದಲಿಸಿ. ಬಿಡಿಭಾಗ ತರೋಕೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವಾಗ ಹಳೇ ಬ್ರಶ್ ಜೇಬಲ್ಲಿರಲಿ. ಮಾಡೆಲ್ ನಂಬರ್ ಹೇಳಿದರೆ ಸಾಕು ಅನ್ನೋರಿದ್ದಾರೆ, ಆದರೆ ಚೂರು ದಪ್ಪ ಇದ್ದರೂ ಅದು ಹೋಲ್ಡರ್‌ನಲ್ಲಿ ಜಾರಲ್ಲ, ಮತ್ತೆ ಅದೇ ಕಿಡಿ.

ಹಾಕಿದ ಮೇಲೆ ಸ್ವಲ್ಪ ಹೊತ್ತು ಲೋಡ್ ಇಲ್ಲದೆ ಓಡಿಸಿ. ಸಣ್ಣ ನೀಲಿ ಕಿಡಿ ಇದ್ದೇ ಇರುತ್ತೆ, ಈ ಮೋಟರಿನ ಸ್ವಭಾವವೇ ಅದು. ಬ್ರಶ್ ತಾಗೋ ತಾಮ್ರದ ಕಮ್ಯುಟೇಟರ್ ಸುತ್ತ ಬೆಂಕಿ ಬಳೆ ತರ ಸುತ್ತಿದರೆ ಆರ್ಮೇಚರ್ ಮೇಲೆ, ಅಂದ್ರೆ ತಂತಿ ಸುತ್ತಿದ ತಿರುಗೋ ಭಾಗದ ಮೇಲೆ, ಅನುಮಾನ ಪಡಿ.

ಎರಡು ಪಿನ್‌ಗೆ ತಲೆ ಕೆಡಿಸಿಕೊಳ್ಳಬೇಡಿ. ಲೇಬಲ್ ಮೇಲೆ ಚೌಕದೊಳಗೆ ಚೌಕದ ಗುರುತು ಇದ್ದರೆ ಅದು ಡಬಲ್ ಇನ್ಸುಲೇಶನ್, ಅಂದ್ರೆ ಕರೆಂಟ್ ಹೊರಗೆ ಬರದಂತೆ ಎರಡು ಪದರದ ರಕ್ಷಣೆ, ಅರ್ತ್ ಬೇಕಿಲ್ಲ. ಆದರೆ ಬಾಡಿ ಬಿರುಕು ಬಿಟ್ಟಿದ್ದರೆ, ಹಿಡಿಕೆ ಹತ್ತಿರ ವೈರ್ ಸುಲಿದಿದ್ದರೆ ಆ ಗುರುತಿಗೆ ಬೆಲೆ ಇಲ್ಲ. ಟೇಪ್ ಸುತ್ತಿ ಓಡಿಸೋದು ಬೇಡ, ವೈರನ್ನೇ ಬದಲಿಸಿ.

ವೈರಿಂಗ್_ಗಿರಾಕಿ:
ಎಕ್ಸ್‌ಟೆನ್ಷನ್ ಯಾವುದು? ಟಿವಿಗೆ ಹಾಕೋ ತೆಳ್ಳನೆ ಬಾಕ್ಸ್ ಆದರೆ ಬೇಡವೇ ಬೇಡ. 1.5 ಸ್ಕ್ವೇರ್ ಎಂಎಂ ವೈರ್ ಇರಲಿ, ಸುರುಳಿ ಪೂರ್ತಿ ಬಿಚ್ಚಿ. ಡಿಬಿಯಲ್ಲಿ (ಮನೆಯ ಮೇನ್ ಸ್ವಿಚ್ ಡಬ್ಬಿ) 30 ಮಿಲಿಆಂಪ್ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಸೋರಿದರೆ ಸಪ್ಲೈ ಕಡಿಯೋ ಸ್ವಿಚ್, ಇದ್ದರೆ ಟೆಸ್ಟ್ ಬಟನ್ ಒತ್ತಿ, ಅದು ಟ್ರಿಪ್ ಆಗಬೇಕು. ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ ತೂತು ಬೇಡ, ಗೋಡೆಯೊಳಗೆ ವೈರ್ ಇರಬಹುದು.

ಯಲಹಂಕ_ಮಹಡಿ:
ಬಿಚ್ಚಿದೆ. ಒಂದು ಬ್ರಶ್ ಪರವಾಗಿಲ್ಲ. ಇನ್ನೊಂದು ಓರೆಯಾಗಿ ಸವೆದು ಚೂರೇ ಉಳಿದಿದೆ, ಹೋಲ್ಡರ್ ತುಂಬ ಬೂದು ಸಿಮೆಂಟ್ ಪುಡಿ. ಜೋಡಿ ಬದಲಿಸಿದೆ, ಕಿಡಿ ಕಮ್ಮಿ, ವಾಸನೆ ಇಲ್ಲ. ಆದರೆ ಗೋಡೆಯೊಳಗೆ ಜಪ್ಪಯ್ಯ ಅಂದರೂ ಹೋಗುತ್ತಿಲ್ಲ. ಮೈಭಾರ ಹಾಕಿ ಒತ್ತಿದರೆ ಬಿಟ್ ನೀಲಿ ಆಗುತ್ತೆ.

ಹಳೇ_ಟೂಲ್‌ಬಾಕ್ಸ್:
ಸರಿ, ಮೂಲ ರೋಗ ಆ ಮೈಭಾರವೇ. ಹಾಗೆ ಒತ್ತಿದರೆ ಮೋಟರಿನ ವೇಗ ಬೀಳುತ್ತೆ, ಕರೆಂಟ್ ಜಾಸ್ತಿ ಎಳೆಯುತ್ತೆ, ತಂಪು ಮಾಡೋ ಫ್ಯಾನ್ ಕೂಡ ಅದೇ ಶಾಫ್ಟ್ ಮೇಲಿರೋದರಿಂದ ಅದೂ ನಿಧಾನ ಆಗಿ ಬಿಸಿ ಒಳಗೇ ಕೂರುತ್ತೆ. ಬಿಸಿಯಾದಾಗ ಆಫ್ ಮಾಡಿ ಇಡೋ ಬದಲು ಗೋಡೆಯಿಂದ ತೆಗೆದು ಖಾಲಿ ಫುಲ್ ಸ್ಪೀಡಲ್ಲಿ ಒಂದು ನಿಮಿಷ ಓಡಿಸಿ.

ಡ್ರಿಲ್ ಮೇಲಿನ ಮೋಡ್ ಸ್ವಿಚ್ಚನ್ನು ಹ್ಯಾಮರ್ ಚಿಹ್ನೆಗೆ ತಿರುಗಿಸಿದ್ದೀರಾ? ಕಾರ್ಬೈಡ್ ತುದಿಯ ಹೊಸ ಬಿಟ್ ಹಾಕಿ, ಪಕ್ಕದ ಹಿಡಿಕೆ ಬಿಗಿ ಮಾಡಿ, ಆಗಾಗ ಹೊರಗೆಳೆದು ಪುಡಿ ತೆಗೆಯಿರಿ. ಸೇಫ್ಟಿ ಕನ್ನಡಕ, ಮಾಸ್ಕ್ ಇರಲಿ. ಬಟ್ಟೆ ಗ್ಲೌಸ್ ಮಾತ್ರ ಬೇಡ, ತಿರುಗೋ ಬಿಟ್ ಅದನ್ನು ಎಳೆದುಕೊಂಡರೆ ಬೆರಳೂ ಜೊತೆಗೇ ಹೋಗುತ್ತೆ. ಇದ್ದಕ್ಕಿದ್ದಂತೆ ಗಕ್ ಅಂತ ನಿಂತರೆ ಒಳಗೆ ಕಂಬಿ ಇದೆ, ತೂತು ಪಕ್ಕಕ್ಕೆ ಸರಿಸಿ.

ಅಷ್ಟಾದರೂ ಇಳಿಯದಿದ್ದರೆ ಎಸ್‌ಡಿಎಸ್ ಪ್ಲಸ್ ರೋಟರಿ ಹ್ಯಾಮರ್ ಒಂದು ದಿನ ಬಾಡಿಗೆಗೆ ತನ್ನಿ. ಅದರಲ್ಲಿ ಪಿಸ್ಟನ್ ಹೊಡೆತ, ನಿಮ್ಮದರಲ್ಲಿ ಹಲ್ಲಿನ ತಟ್ಟೆಗಳ ಗುದ್ದಾಟ ಅಷ್ಟೇ. ಬಿಟ್ ಕೂಡ ಅದರದ್ದೇ ಕೇಳಿ ತನ್ನಿ, ನಿಮ್ಮ ದುಂಡು ಬಿಟ್ ಅದಕ್ಕೆ ಕೂರಲ್ಲ.